ಹಾಡು ಹಿಡಿಯುವ ಯಂತ್ರದ ಆಯ್ಕೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರೆಹ)



ಕನ್ನಡ ಪಂಡಿತರು ವೇದಿಕೆಯನ್ನೇರಿದರೆ ಪಂಪ ರನ್ನರ ವಿಷಯವನ್ನೋ ವಚನಕಾರರ ವಿಷಯವನ್ನೋ ಮಾತನಾಡುವರೆಂದು ತಾವು ನಿರೀಕ್ಷಿಸುವುದು ಸಹಜ. ಸೊನ್ನಲಿಗೆಯ ಸಿದ್ಧರಾಮನ ನೆಲಕ್ಕೂ ಮಂಗಳವೇಢೆಗೂ ನೆರೆಯವರಾಗಿ ಬಾಳುವ ನಮಗೆ ಅಂಥ ವಿಷಯಗಳ ಬರವಿಲ್ಲ. ಆದರೂ ಈ ದಿನ ನಾವು ಒಂದು ಯಂತ್ರದ ವಿಷಯವನ್ನು ಮಾತನಾಡಲು ಬಂದಿದ್ದೇವೆ. ನಮ್ಮ ಊರುಗಳ ಹಾಡು, ಕಥೆ, ಒಗಟುಗಳನ್ನು ಹಿಡಿದಿಡುವುದಕ್ಕೆಂದು ಕೈಯಲ್ಲಿ ಒಯ್ಯಬಹುದಾದ ಡಿಜಿಟಲ್ ರೆಕಾರ್ಡರೊಂದನ್ನು ಕೊಳ್ಳುವ ವಿಚಾರ ಸಂಘದ ಮುಂದಿದೆ. ಹಣ ತಮ್ಮೆಲ್ಲರ ವಂತಿಗೆಯದು. ಆದುದರಿಂದ ಎಂಥ ಯಂತ್ರವನ್ನು ಕೊಳ್ಳಬೇಕು, ಏಕೆ ಕೊಳ್ಳಬೇಕು ಎಂಬುದನ್ನು ತಮ್ಮ ಮುಂದೆ ಬಿಚ್ಚಿಡುವುದು ಯುಕ್ತವೆಂದು ಭಾವಿಸಿದೆವು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಿದ್ಯಾರ್ಥಿನಿಯೊಬ್ಬಳು, ತನ್ನ ಆಯಿಗೆ ಬೀಸುವ ಪದಗಳು ಬಹಳ ಬರುತ್ತವೆಂದು ಹೇಳಿದಳು. ಪರಿಚಿತರೊಬ್ಬರಿಂದ ಒಂದು ಚಿಕ್ಕ ರೆಕಾರ್ಡರನ್ನು ಎರವಲು ತಂದು ನಾವು ಆ ಮನೆಗೆ ಹೋದೆವು. ಅದು ಕಚೇರಿಗಳಲ್ಲಿ ಪತ್ರಗಳನ್ನು ಹೇಳಿ ಬರೆಯಿಸಲು ಬಳಸುವ ಯಂತ್ರವೆಂಬುದು ನಮಗೆ ಆಗ ತಿಳಿದಿರಲಿಲ್ಲ. ಆಯಿ ಮೂಲೆಯಲ್ಲಿದ್ದ ಬೀಸುಕಲ್ಲನ್ನು ಒರೆಸಿ, ಸೇರು ಜೋಳವನ್ನು ಮಗ್ಗುಲಲ್ಲಿಟ್ಟುಕೊಂಡು, ಒಂದೂವರೆ ಗಂಟೆ ಬೀಸುತ್ತ ಹಾಡಿದರು. ನಾವು ಯಂತ್ರವನ್ನು ಕಲ್ಲಿನ ಪಕ್ಕದ ನೆಲದ ಮೇಲೆಯೇ ಇಟ್ಟಿದ್ದೆವು. ಮನೆಗೆ ಬಂದು ಕೇಳಿದರೆ ಕಲ್ಲಿನ ಗುಡುಗು ಮಾತ್ರ ತುಂಬಿತ್ತು. ದನಿ ಆ ಗುಡುಗಿನಡಿ ಸಿಕ್ಕಿ, ಪ್ರತಿ ನುಡಿಯ ಕೊನೆಯ ಅಕ್ಷರಗಳು ಅಳಿಸಿಹೋಗಿದ್ದವು. ಕಲ್ಲು ನಿಂತ ಒಂದು ಗಳಿಗೆಯಲ್ಲಿ ಅವರು ನಮ್ಮನ್ನು ಕೇಳಿದ ಮಾತು ಮಾತ್ರ ಸ್ಪಷ್ಟವಾಗಿ ಉಳಿದಿತ್ತು: “ಗುರುಗಳ, ನನ್ನ ದನಿ ಅದರಾಗ ಕುಂತೈತೇನ್ರಿ?”

ಸುಗ್ಗಿ ಮುಗಿದ ಮೇಲೆ ಮತ್ತೆ ಬರುತ್ತೇವೆಂದು ಹೇಳಿ ಕಳುಹಿಸಿದೆವು. ಸುಗ್ಗಿ ಮುಗಿಯುವ ಮೊದಲೇ ಆಯಿ ತೀರಿಕೊಂಡರು. ಆ ಪದಗಳು ಈಗ ಎಲ್ಲಿಯೂ ಇಲ್ಲ. ಈ ಭಾಷಣದ ಹಿಂದಿರುವ ಕಾರಣ ಇದೇ.

ಹಾಡುಗಳನ್ನು ಬರೆದುಕೊಂಡರೆ ಸಾಲದೆ ಎಂದು ಕೇಳುವವರುಂಟು. ಬರೆದುಕೊಂಡ ಹಿರಿಯರ ಋಣ ನಮ್ಮ ಮೇಲೆ ದೊಡ್ಡದು. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ೧೮೮೦ರ ದಶಕದಲ್ಲಿಯೇ ಸಂಗೊಳ್ಳಿ ರಾಯಣ್ಣನ, ಹಲಗಲಿ ಬೇಡರ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದನು. ನಮಗೆ ಅತಿ ಸಮೀಪದ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ತ್ರಿಪದಿಗಳನ್ನು ಕಲೆಹಾಕಿದ ಫಲವಾಗಿ ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಆ ಪುಸ್ತಕ ಇಲ್ಲದಿದ್ದರೆ ನಮ್ಮ ಅವ್ವಂದಿರ ಕವಿತ್ವ ಓದುಬಲ್ಲವರ ಗಮನಕ್ಕೆ ಅಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಲೇಖನಿಗೆ ಸಿಕ್ಕಿದ್ದು ಮಾತು, ದನಿಯಲ್ಲ. ಬೀಸುವ ಪದದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳುವರು, ಯಾವ ಅಕ್ಷರವನ್ನು ಕಲ್ಲಿನ ಒಂದು ಸುತ್ತಿಗೆ ಎಳೆಯುವರು, ಜತ್ತದ ಕಡೆಯ ರಾಗಕ್ಕೂ ಅಕ್ಕಲಕೋಟೆಯ ಕಡೆಯ ರಾಗಕ್ಕೂ ಇರುವ ಬೇರೆತನವೇನು, ಇವನ್ನು ಅಚ್ಚಿನ ಅಕ್ಷರ ಹೇಳಲಾರದು.

ನಮ್ಮಂಥ ಗಡಿಯವರಿಗೆ ಇನ್ನೊಂದು ಕಾರಣವೂ ಉಂಟು. ನಮ್ಮ ಮಕ್ಕಳು ಓದುವ ಕನ್ನಡ ಪುಸ್ತಕವನ್ನು ಪುಣೆಯ ಬಾಲಭಾರತಿ ಸಿದ್ಧಪಡಿಸುತ್ತದೆ. ಅದರಲ್ಲಿರುವುದು ಗ್ರಾಂಥಿಕ ಕನ್ನಡ, ಇರಬೇಕಾದುದೂ ಅದೇ. ಆದರೆ ಕಣದ ಕೆಲಸಕ್ಕೆ, ಕೂರಿಗೆಯ ಅಂಗಾಂಗಗಳಿಗೆ, ಬಾಣಂತಿಯ ಆರೈಕೆಗೆ ನಮ್ಮ ಆಯಿ ಮುತ್ಯಾಗಳು ಬಳಸುವ ನೂರಾರು ಮಾತುಗಳು ಪುಣೆಯ ಪುಸ್ತಕದಲ್ಲಿಯೂ ಇಲ್ಲ, ಬೆಂಗಳೂರಿನ ಪುಸ್ತಕದಲ್ಲಿಯೂ ಇಲ್ಲ. ಅವು ಬಾಯಲ್ಲಿವೆ. ಬಾಯಿ ಮುಚ್ಚಿದರೆ ಮುಗಿಯಿತು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಹಿರಿಯರು ನಾಲಗೆಯ ಎಚ್ಚರಿಕೆಗಾಗಿ ಹೇಳಿದರು. ಇಂದು ಅದರ ಅಕ್ಷರಾರ್ಥವೇ ನಮ್ಮನ್ನು ಹೆದರಿಸುತ್ತಿದೆ.

ನಮ್ಮ ಮರಾಠಿ ನೆರೆಯವರು ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದ್ದಾರೆ. ಪುಣೆಯಲ್ಲಿ ನೆಲಸಿದ್ದ ಹೇಮಾ ರಾಯರಕರ್ ಮತ್ತು ಗೀ ಪ್ವಾತ್‌ವ್ಯಾ ಎಂಬಿಬ್ಬರು ವಿದ್ವಾಂಸರು ೧೯೮೦ರ ದಶಕದಲ್ಲಿ ಆರಂಭಿಸಿ, ಮಹಾರಾಷ್ಟ್ರದ ಹಳ್ಳಿಹಳ್ಳಿಗಳಿಂದ ಬೀಸುವ ಓವಿಗಳನ್ನು ಒಂದು ಲಕ್ಷಕ್ಕೂ ಮಿಗಿಲಾಗಿ ಕೂಡಿಹಾಕಿದರು. ಮೊದಲು ಕೈಯಿಂದ ಬರೆದುಕೊಂಡರು. ೧೯೯೦ರ ದಶಕದಲ್ಲಿ ಧ್ವನಿಮುದ್ರಣವನ್ನೂ ಮಾಡಿದರು. ೨೦೧೭ರಿಂದ ‘ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ’ ಎಂಬ ಸಂಸ್ಥೆ ಅವನ್ನು ಜನರಿಗೆ ಕೇಳಿಸತೊಡಗಿದೆ. ಹಾಡಿದ ತಾಯಿ ಇಂದು ಇಲ್ಲದಿದ್ದರೂ ಮೊಮ್ಮಗಳು ಆ ದನಿಯನ್ನು ಕೇಳಬಲ್ಲಳು. ಅದೇ ರಾಜ್ಯದಲ್ಲಿ ಕನ್ನಡದಲ್ಲಿ ಬೀಸಿದ ಕಲ್ಲುಗಳ ಹಾಡನ್ನು ಹಿಡಿಯುವ ಹೊಣೆ ಬೇರಾರದು? ನಮ್ಮದೇ.

ಇನ್ನು ಯಂತ್ರದ ವಿಷಯಕ್ಕೆ ಬರೋಣ. ಎಡಿಸನ್ನನು ಫೋನೋಗ್ರಾಫನ್ನು ಮಾಡಿದುದು ೧೮೭೭ರಲ್ಲಿ. ೧೮೯೦ರಲ್ಲಿ ಫ್ಯೂಕ್ಸ್ ಎಂಬ ವಿದ್ವಾಂಸನು ಅಮೆರಿಕದ ಮೂಲನಿವಾಸಿಗಳ ಹಾಡುಗಳನ್ನು ಮೇಣದ ಕೊಳವೆಗಳ ಮೇಲೆ ಹಿಡಿದನು. ನಮ್ಮ ದೇಶದಲ್ಲಿ ಗ್ರಿಯರ್ಸನ್ನನ ಭಾಷಾ ಸಮೀಕ್ಷೆಗೆ ಸೇರಿದಂತೆ ೧೯೧೩ರಿಂದ ೧೯೨೯ರವರೆಗೆ ಗ್ರಾಮಫೋನ್ ತಟ್ಟೆಗಳ ಮೇಲೆ ಹಲವು ಭಾಷೆಗಳ ಮಾದರಿಗಳನ್ನು ಮುದ್ರಿಸಿದರು. ೧೯೫೧ರಲ್ಲಿ ಕುಡೆಲ್ಸ್ಕಿಯು ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ನಾಗ್ರಾ ಯಂತ್ರವನ್ನೂ, ೧೯೬೩ರಲ್ಲಿ ಫಿಲಿಪ್ಸ್‌ನವರು ಕ್ಯಾಸೆಟ್ಟನ್ನೂ ತಂದರು. ಒಂದು ಕಾಲಕ್ಕೆ ಹಾಡುವವರು ಯಂತ್ರವಿದ್ದಲ್ಲಿಗೆ ಬರಬೇಕಾಗಿತ್ತು. ಈಗ ಯಂತ್ರವೇ ಬೀಸುಕಲ್ಲಿನ ಬಳಿಗೆ ಹೋಗಬಲ್ಲುದು. ಆದುದರಿಂದ ನಮ್ಮ ಆಯ್ಕೆಯ ಮೊದಲ ಸೂತ್ರವಿದು: ಅಂಗಡಿಯ ಪಟ್ಟಿಯನ್ನು ನೋಡಿ ಯಂತ್ರವನ್ನು ಆರಿಸಬಾರದು, ಹಾಡು ಹುಟ್ಟುವ ಜಾಗವನ್ನು ನೋಡಿ ಆರಿಸಬೇಕು.

ನಮ್ಮ ಹಾಡುಗಳು ಹುಟ್ಟುವ ಜಾಗಗಳು ಯಾವುವು? ಒಂದು, ಮನೆಯೊಳಗೆ ಬೀಸುವ, ಕುಟ್ಟುವ, ತೊಟ್ಟಿಲು ತೂಗುವ ಪದಗಳು; ಮದುವೆಯ ಸೋಬಾನೆ. ಎರಡು, ಬಯಲಿನ ಗಾಳಿಯಲ್ಲಿ ಹಂತಿಯ ಪದಗಳು. ಮೂರು, ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ನೆರೆಯುವ ಮಹಾಲಿಂಗರಾಯನ ಜಾತ್ರೆಯಂಥ ಕಡೆ, ಡೊಳ್ಳಿನ ಮೊರೆತದ ನಡುವೆ ಹಾಲುಮತದವರು ಹಾಡುವ ಪದಗಳು. ಮೊಹರಮ್ಮಿನ ರಿವಾಯತ ಪದಗಳು. ಒಂದು ಕಡೆ ಪಿಸುದನಿಯ ಮುಪ್ಪಿನ ಕೊರಳು, ಇನ್ನೊಂದು ಕಡೆ ಎದೆ ನಡುಗಿಸುವ ಡೊಳ್ಳು. ಈ ಎರಡನ್ನೂ ತಾಳಿಕೊಳ್ಳುವ ಯಂತ್ರ ನಮಗೆ ಬೇಕು. ಅದನ್ನು ಐದು ಪರೀಕ್ಷೆಗಳಿಗೆ ಒಡ್ಡೋಣ.

ಮೊದಲನೆಯದು, ಅದು ಧ್ವನಿಯನ್ನು ಹಿಂಡದೆ ಬರೆದಿಡಬಲ್ಲುದೆ ಎಂಬುದು. ಡಿಜಿಟಲ್ ಯಂತ್ರವು ಧ್ವನಿಯನ್ನು ಒಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಸೆಕೆಂಡಿಗೆ ೪೮,೦೦೦ ಸಲ, ಒಂದೊಂದು ಅಳತೆಗೂ ೨೪ ಬಿಟ್ಟುಗಳಂತೆ ಬರೆಯುವುದು ಇಂದು ಸಂಗ್ರಹಕಾರ್ಯಕ್ಕೆ ಒಪ್ಪಿತವಾದ ಅಳತೆ. ಹೀಗೆ ಇದ್ದುದನ್ನು ಇದ್ದಂತೆ ಇಡುವ ಕಡತಕ್ಕೆ ವೇವ್ ಎಂದು ಹೆಸರು. ಎಂಪಿ-ತ್ರೀ ಎಂಬ ಬಗೆಯು ಸ್ಥಳ ಉಳಿಸುವುದಕ್ಕಾಗಿ, ಕಿವಿಗೆ ಕೇಳದೆಂದು ತಾನೇ ಎಣಿಸಿದ ಅಂಶಗಳನ್ನು ಬಿಟ್ಟುಬಿಡುತ್ತದೆ. ಬಿಟ್ಟುದು ಮತ್ತೆ ಬಾರದು. ವೇವ್ ಬಗೆಯಲ್ಲಿ ಎರಡು ಮೈಕಿನ ಒಂದು ಗಂಟೆಯ ಮುದ್ರಣಕ್ಕೆ ಸುಮಾರು ಒಂದು ಗಿಗಾಬೈಟ್ ಹಿಡಿಯುತ್ತದೆ. ೩೨ ಗಿಗಾಬೈಟಿನ ಒಂದು ಚಿಕ್ಕ ಕಾರ್ಡಿನಲ್ಲಿ ಮೂವತ್ತು ಗಂಟೆಯ ಹಾಡು ಹಿಡಿಯುತ್ತದೆ. ಮೂವತ್ತು ಗಂಟೆ ಹಾಡುವವರು ನಮ್ಮಲ್ಲಿ ಎಷ್ಟು ಜನ ಉಳಿದಿದ್ದಾರೆ? ಸ್ಥಳ ಉಳಿಸುವ ಚಿಂತೆ ಬೇಡ.

ಎರಡನೆಯದು, ಧ್ವನಿಯ ಮಟ್ಟವನ್ನು ನಾವೇ ಕೈಯಿಂದ ಹೊಂದಿಸಲು ಬರುವುದೆ ಎಂಬುದು. ನಮ್ಮ ಆಯಿಯ ಹಾಡನ್ನು ಕೆಡಿಸಿದುದರಲ್ಲಿ ಇದರ ಪಾಲು ದೊಡ್ಡದು. ಆ ಯಂತ್ರದಲ್ಲಿ ಮಟ್ಟವು ತಾನಾಗಿಯೇ ಏರಿಳಿಯುತ್ತಿತ್ತು. ಕಲ್ಲು ಗುಡುಗಿದಾಗ ಯಂತ್ರ ಎಲ್ಲವನ್ನೂ ತಗ್ಗಿಸುತ್ತಿತ್ತು; ಕಲ್ಲಿನೊಡನೆ ದನಿಯೂ ತಗ್ಗುತ್ತಿತ್ತು. ಕಲ್ಲು ನಿಂತೊಡನೆ ಎಲ್ಲವನ್ನೂ ಏರಿಸುತ್ತಿತ್ತು. ಆದುದರಿಂದಲೇ ಅವರ ಆ ಒಂದು ಪ್ರಶ್ನೆ ಸ್ಪಷ್ಟವಾಗಿ ಉಳಿದದ್ದು. ಕೈಯಿಂದ ಹೊಂದಿಸುವ ಯಂತ್ರದಲ್ಲಿ, ಹಾಡುವವರಿಂದ ಮೊದಲು ಗಟ್ಟಿಯಾದ ಒಂದು ನುಡಿಯನ್ನು ಹೇಳಿಸಿ, ಅಳತೆಯ ಗೆರೆ ಸೊನ್ನೆಗೆ ೧೨ ಡೆಸಿಬೆಲ್ ಕೆಳಗೆ ನಿಲ್ಲುವಂತೆ ಇಟ್ಟುಕೊಂಡರೆ ಸಾಕು. ಸೊನ್ನೆಯನ್ನು ಮುಟ್ಟಿದರೆ ಧ್ವನಿ ಒಡೆಯುತ್ತದೆ. ಒಡೆದುದನ್ನು ಕೂಡಿಸಲು ಬಾರದು.

ಇತ್ತೀಚೆಗೆ ೩೨ ಬಿಟ್ ಫ್ಲೋಟ್ ಎಂಬ ಕ್ರಮದ ಯಂತ್ರಗಳು ಬಂದಿವೆ. ಇವುಗಳಲ್ಲಿ ಮಟ್ಟವನ್ನು ಮೊದಲೇ ಹೊಂದಿಸುವ ತೊಡಕಿಲ್ಲ. ಪಿಸುಮಾತನ್ನೂ ಡೊಳ್ಳನ್ನೂ ಒಂದೇ ಕಡತದಲ್ಲಿ ಬರೆದಿಟ್ಟುಕೊಂಡು, ಅನಂತರ ಕಂಪ್ಯೂಟರಿನಲ್ಲಿ ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ಗಂಟೆಗೆ ಸುಮಾರು ೧.೪ ಗಿಗಾಬೈಟ್ ಸ್ಥಳ ಬೇಕಾಗುತ್ತದೆ, ಅಷ್ಟೆ. ಹೊಸದಾಗಿ ಕಲಿಯುವವರಿಗೆ ಇದು ನಿಜವಾಗಿಯೂ ಉಪಕಾರಿ. ಆದರೆ ಒಂದು ಭ್ರಮೆ ಬೇಡ. ಮೈಕು ತಾಳಲಾರದಷ್ಟು ಸದ್ದು ಬಂದರೆ ಮೈಕಿನಲ್ಲಿಯೇ ಧ್ವನಿ ಒಡೆಯುತ್ತದೆ. ಅದನ್ನು ಯಾವ ಬಿಟ್ಟೂ ಉಳಿಸದು. ದೂರದಲ್ಲಿಟ್ಟ ತಪ್ಪನ್ನೂ ಗಾಳಿ ಬಡಿದ ತಪ್ಪನ್ನೂ ಅದು ತಿದ್ದದು.

ಮೂರನೆಯ ಪರೀಕ್ಷೆ ಮೈಕಿನದು. ಕೆಲವು ಯಂತ್ರಗಳ ಮೈಕುಗಳು ಸುತ್ತಲಿನ ಎಲ್ಲ ದಿಕ್ಕಿನ ಸದ್ದನ್ನೂ ಸಮನಾಗಿ ಕೊಳ್ಳುತ್ತವೆ. ಕೆಲವು ಮುಂದಿನದನ್ನು ಹೆಚ್ಚಾಗಿಯೂ ಹಿಂದಿನದನ್ನು ಕಡಮೆಯಾಗಿಯೂ ಕೊಳ್ಳುತ್ತವೆ. ಮೊದಲನೆಯ ಬಗೆ ಗಾಳಿಗೂ ಕೈಯ ಅಲುಗಾಟಕ್ಕೂ ಸ್ವಲ್ಪ ಹೆಚ್ಚು ತಾಳುತ್ತದೆ. ಸೋಬಾನೆಯ ಹೆಣ್ಣುಮಕ್ಕಳು ಸುತ್ತ ಕುಳಿತಾಗ ನಡುವೆ ಇಡಲು ಚೆನ್ನ. ಎರಡನೆಯ ಬಗೆ ಜಾತ್ರೆಯ ಗದ್ದಲದಲ್ಲಿ ಹಾಡುಗಾರನ ಕಡೆಗೆ ಮುಖಮಾಡಿ ಹಿಡಿಯಲು ಅನುಕೂಲ. ಹೊರಗಿನಿಂದ ಇನ್ನೊಂದು ಮೈಕನ್ನು ಸೇರಿಸಲು ಒಂದು ತೂತಾದರೂ ಇರುವುದು ಒಳ್ಳೆಯದು. ಇಂದು ಬೇಡವಾದರೂ ನಾಳೆ ಬೇಕಾಗಬಹುದು. ಆದರೆ ಎಷ್ಟೇ ಬೆಲೆಯ ಮೈಕಾದರೂ ಸಾಮೀಪ್ಯಕ್ಕೆ ಸಮನಾಗದು. ಬಯಲಿನಲ್ಲಿ ದೂರವನ್ನು ಅರ್ಧ ಮಾಡಿದರೆ ದನಿ ೬ ಡೆಸಿಬೆಲ್ ಏರುತ್ತದೆ. ಹತ್ತಿರ ಹೋಗುವುದಕ್ಕೆ ಹಣ ಬೇಕಿಲ್ಲ. ಹಾಡುವವರ ವಿಶ್ವಾಸ ಬೇಕು.

ನಾಲ್ಕನೆಯದು ವಿದ್ಯುತ್ತಿನದು. ನಮ್ಮ ಹಳ್ಳಿಗಳ ವಿದ್ಯುತ್ತಿನ ಸ್ವಭಾವ ತಮಗೆ ತಿಳಿದದ್ದೇ. ಒಳಗೇ ಕೂಡಿಸಿದ ಬ್ಯಾಟರಿಯುಳ್ಳ ಯಂತ್ರ ನೋಡಲು ಚೆಂದ. ಆದರೆ ಅದು ಬರಿದಾದರೆ ಹಾಡು ಅಲ್ಲಿಗೇ ನಿಲ್ಲುತ್ತದೆ, ವರ್ಷಗಳು ಕಳೆದು ಅದು ಸತ್ತರೆ ಯಂತ್ರವೇ ಕೂಡುತ್ತದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲುಗಳಿಂದ ನಡೆಯುವ ಯಂತ್ರವನ್ನು ಯಾವ ಊರಿನಲ್ಲಿಯೂ ಮತ್ತೆ ಎಬ್ಬಿಸಬಹುದು. ಮರಳಿ ತುಂಬಬಹುದಾದ ಸೆಲ್ಲುಗಳನ್ನು ನಾಲ್ಕು ಕೊಂಡಿಟ್ಟರೆ ಖರ್ಚೂ ಉಳಿಯುತ್ತದೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಅದನ್ನು ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಅರ್ಧ ದಿನದಲ್ಲಿ ಕಲಿತು ನಡೆಸಬಲ್ಲಳೆ? ಏಕೆಂದರೆ ಬೀಸುವ ಪದಗಳೂ ಬಾಣಂತಿಯ ಪದಗಳೂ ನಮ್ಮಂಥ ಗಂಡಸರ ಮುಂದೆ ಪೂರ್ತಿಯಾಗಿ ಹೊರಬರುವುದಿಲ್ಲ. ಮೊಮ್ಮಗಳ ಮುಂದೆ ಆಯಿ ನಾಚಿಕೆಯಿಲ್ಲದೆ ಹಾಡುತ್ತಾಳೆ. ಯಂತ್ರ ಸೇರಬೇಕಾದುದು ಆ ಮೊಮ್ಮಗಳ ಕೈಗೆ.

ಹೀಗೆ ಪರೀಕ್ಷಿಸಿದರೆ ಕೊಳ್ಳತಕ್ಕ ಯಂತ್ರಗಳು ಎರಡು ತರಗತಿಗೆ ಬರುತ್ತವೆ. ಒಂದು, ಮೈಕು ಕೂಡಿಯೇ ಇರುವ ಅಂಗೈಯಷ್ಟರ ಯಂತ್ರಗಳು: ಜೂಮ್ ಸಂಸ್ಥೆಯ ಎಚ್-೧-ಎನ್, ೨೦೨೪ರಲ್ಲಿ ಬಂದ ಅದರ ೩೨ ಬಿಟ್ಟಿನ ತಂಗಿ ಎಚ್-೧ ಎಸೆನ್ಷಿಯಲ್, ಟ್ಯಾಸ್ಕ್ಯಾಮಿನ ಡಿಆರ್-೦೫-ಎಕ್ಸ್ ಮೊದಲಾದವು. ಇವೆಲ್ಲವೂ ಎರಡೆರಡು ಸೆಲ್ಲುಗಳಿಂದ ನಡೆಯುತ್ತವೆ, ವೇವ್ ಬರೆಯುತ್ತವೆ. ಮೊದಲೆರಡರ ಮೈಕುಗಳು ಮುಂದಿನದನ್ನು ಹೆಚ್ಚು ಕೊಳ್ಳುವ ಬಗೆಯವು. ಮೂರನೆಯದರವು ಎಲ್ಲ ದಿಕ್ಕಿನವು. ಇನ್ನೊಂದು ತರಗತಿ, ನಾಟಕದ ವೇದಿಕೆಗಳಲ್ಲಿ ಕಾಣುವ ದೊಡ್ಡ ಮೈಕುಗಳನ್ನೂ ಸೇರಿಸಬಹುದಾದ ಯಂತ್ರಗಳು: ಜೂಮ್ ಎಚ್-೪ ಎಸೆನ್ಷಿಯಲ್, ಟ್ಯಾಸ್ಕ್ಯಾಮ್ ಡಿಆರ್-೪೦-ಎಕ್ಸ್ ಮೊದಲಾದವು. ಇವುಗಳ ಸಾಮರ್ಥ್ಯ ಹಿರಿದು, ತೂಕವೂ ಬೆಲೆಯೂ ಹಿರಿದು. ಪಕ್ಕವಾದ್ಯಗಳೊಡನೆ ನಡೆಯುವ ಭಜನೆಯ ಮೇಳಕ್ಕೆ, ಬಯಲಾಟಕ್ಕೆ ಇವು ಬೇಕಾಗುತ್ತವೆ.

ಸಂಘದ ಕೆಲವು ಗೆಳೆಯರ ಅಭಿಪ್ರಾಯದಲ್ಲಿ, ಕೊಳ್ಳುವುದಾದರೆ ಎರಡನೆಯ ತರಗತಿಯ ಒಳ್ಳೆಯದೊಂದನ್ನೇ ಕೊಳ್ಳಬೇಕು. ಅವರ ಸದುದ್ದೇಶವನ್ನು ನಾವು ಬಲ್ಲೆವು. ಆದರೆ ನಮ್ಮ ಬಿನ್ನಹ ಬೇರೆ. ಬೆಲೆಯುಳ್ಳ ಒಂದೇ ಯಂತ್ರವಿದ್ದರೆ ಅದು ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಕೆಟ್ಟೀತೆಂಬ ಭಯದಿಂದ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಅದರ ಬದಲು ಮೊದಲ ತರಗತಿಯ ಎರಡು ಯಂತ್ರಗಳನ್ನು ಕೊಳ್ಳೋಣ. ಒಂದು ಜತ್ತದ ಕಡೆಗೆ, ಒಂದು ಅಕ್ಕಲಕೋಟೆಯ ಕಡೆಗೆ ಸುತ್ತಲಿ. ಉಳಿದ ಹಣದಲ್ಲಿ ಯಂತ್ರಕ್ಕಿಂತ ಮುಖ್ಯವಾದ ಸಣ್ಣ ಸಾಮಾನುಗಳನ್ನು ಕೊಳ್ಳೋಣ.

ಆ ಸಾಮಾನುಗಳು ಯಾವುವೆಂದರೆ: ಮೈಕಿಗೆ ತೊಡಿಸುವ ತುಪ್ಪಳದ ಗಾಳಿತಡೆ. ಬರಿಯ ಸ್ಪಂಜಿನ ಟೊಪ್ಪಿಗೆ ಮನೆಯೊಳಗೆ ಸಾಕು. ನಮ್ಮ ಬಯಲಿನ ಗಾಳಿಗೆ ಸಾಲದು. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು. ಯಂತ್ರ ಏನನ್ನು ಕೇಳುತ್ತಿದೆಯೋ ಅದನ್ನು ಆಗಲೇ ನಾವೂ ಕೇಳಬೇಕು. ಅದೊಂದು ನಮ್ಮಲ್ಲಿದ್ದಿದ್ದರೆ ಆಯಿಯ ಹಾಡು ಮೊದಲ ಐದು ನಿಮಿಷದಲ್ಲಿಯೇ ಉಳಿಯುತ್ತಿತ್ತು. ಚಿಕ್ಕದೊಂದು ಮೂರು ಕಾಲಿನ ಸ್ಟ್ಯಾಂಡು. ಕೈಯಲ್ಲಿ ಹಿಡಿದರೆ ಬೆರಳ ಸದ್ದೆಲ್ಲ ಒಳಗೆ ಸೇರುತ್ತದೆ. ಇನ್ನೊಂದು ಸಾಧನಕ್ಕೆ ಖರ್ಚಿಲ್ಲ. ಅದು ಮನೆಮನೆಯಲ್ಲಿಯೂ ಇರುವ ಕೌದಿ. ಮಡಿಸಿ ಸ್ಟ್ಯಾಂಡಿನ ಕೆಳಗೆ ಹಾಸಿದರೆ ಕಲ್ಲಿನ ನಡುಕ ನೆಲದ ಮೂಲಕ ಯಂತ್ರಕ್ಕೆ ಏರದು. ತಗಡಿನ ಮನೆಯಲ್ಲಿ ಎರಡು ಕೌದಿಗಳನ್ನು ಗೋಡೆಗೆ ಇಳಿಬಿಟ್ಟರೆ ಮಾರ್ದನಿ ತಗ್ಗುತ್ತದೆ.

ಬೀಸುವ ಪದವನ್ನು ಎರಡು ಸಲ ಹಿಡಿಯಬೇಕೆಂಬುದು ನಾವು ಕಳೆದುಕೊಂಡು ಕಲಿತ ಪಾಠ. ಒಂದು ಸಲ ಕಲ್ಲು ತಿರುಗಿಸುತ್ತ ಹಾಡಲಿ. ಹಾಡಿನ ಲಯ ಕಲ್ಲಿನಲ್ಲಿದೆ. ಇನ್ನೊಂದು ಸಲ ಕಲ್ಲು ನಿಲ್ಲಿಸಿ ಹಾಡಲಿ; ಮಾತು ಸ್ಪಷ್ಟವಾಗುತ್ತದೆ. ಡೊಳ್ಳಿನ ಪದಕ್ಕೆ ಯಂತ್ರವನ್ನು ಡೊಳ್ಳಿನಿಂದ ದೂರವಾಗಿಯೂ ಹಾಡುವವರಿಗೆ ಹತ್ತಿರವಾಗಿಯೂ ಇಡಬೇಕು. ಅತಿ ಜೋರಿನ ಪೆಟ್ಟಿಗೆ ಮಟ್ಟವನ್ನು ಹೊಂದಿಸಬೇಕು. ಅಡ್ಡಸದ್ದನ್ನು ತಗ್ಗಿಸುವ ತಗ್ಗುಸ್ವರದ ಸೋಸುಕವೊಂದು ಯಂತ್ರಗಳಲ್ಲಿರುತ್ತದೆ. ಮಾತುಕತೆಗೆ ಅದನ್ನು ಹಾಕಬಹುದು, ಡೊಳ್ಳಿಗೆ ಹಾಕಬಾರದು. ಹಾಕಿದರೆ ಡೊಳ್ಳು ತಗಡಿನ ಡಬ್ಬಿಯಾಗುತ್ತದೆ. ಇನ್ನೊಂದು ಎಚ್ಚರಿಕೆ: ಕೆಲವು ಯಂತ್ರಗಳಲ್ಲಿ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ಯಂತ್ರ ಸಿದ್ಧವಾಗುತ್ತದೆ ಮಾತ್ರ, ಎರಡನೆಯ ಸಲ ಒತ್ತಿದ ಮೇಲೆಯೇ ಬರೆಯತೊಡಗುತ್ತದೆ. ದೀಪ ಮಿಣುಕುತ್ತಿದೆಯೋ ನಿಂತು ಉರಿಯುತ್ತಿದೆಯೋ ನೋಡಿಕೊಳ್ಳಬೇಕು. ನಿಮಿಷ ಸೆಕೆಂಡುಗಳ ಅಂಕಿ ಓಡುತ್ತಿರಬೇಕು.

ಕೈಯಲ್ಲಿ ಮೊಬೈಲು ಇರುವಾಗ ಇಷ್ಟೆಲ್ಲ ಏಕೆ ಎಂಬುದು ವಿದ್ಯಾರ್ಥಿಗಳ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಮೊಬೈಲಿನಲ್ಲಿ ಸಾಮಾನ್ಯವಾಗಿ ಧ್ವನಿಯನ್ನು ಹಿಂಡಿಯೇ ಇಡುತ್ತಾರೆ, ಮಟ್ಟವೂ ತಾನಾಗಿ ಏರಿಳಿಯುತ್ತದೆ, ನಡುವೆ ಕರೆಯೂ ಬರುತ್ತದೆ. ಆದರೂ ವೇವ್ ಬರೆಯುವ ಆಪನ್ನು ಹಾಕಿಕೊಂಡು, ವಿಮಾನದ ಗುರುತಿನ ಗುಂಡಿಯೊತ್ತಿ ಕರೆಗಳನ್ನು ನಿಲ್ಲಿಸಿ, ಕೌದಿಯ ಮೇಲಿಟ್ಟು ಹತ್ತಿರದಿಂದ ಹಿಡಿದರೆ ಕೆಲಸಕ್ಕೆ ಬರುತ್ತದೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ: ಸಂಘದ ಯಂತ್ರ ಬರುವವರೆಗೆ ಯಾರೂ ಕಾಯಬೇಡಿರಿ. ಒಳ್ಳೆಯ ಯಂತ್ರ ಒಂದು ತಿಂಗಳು ತಡವಾದರೆ ನಷ್ಟವಿಲ್ಲ; ಒಂದು ತಿಂಗಳು ತಡವಾದರೆ ಹಾಡುವವರು ಇರುವರೆಂಬ ಭರವಸೆ ಇಲ್ಲ.

ಹಾಡುವವರ ಮರ್ಯಾದೆಯ ವಿಷಯವಾಗಿ ಎರಡು ಮಾತು. ಕೇಳದೆ ಯಂತ್ರವನ್ನು ತೆರೆಯಬಾರದು. ಏಕೆ ಹಿಡಿಯುತ್ತೇವೆ, ಯಾರು ಕೇಳುವರು ಎಂಬುದನ್ನು ಅವರ ಮಾತಿನಲ್ಲಿಯೇ ತಿಳಿಸಿ, ಒಪ್ಪಿದರೆ ಹಿಡಿಯಬೇಕು. ಸಾವಿನ ಮನೆಯ ಹಾಡು, ದೇವರ ಕಾರ್ಯದ ಹಾಡು ಮುಂತಾದವನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಡಲೊಲ್ಲೆನೆಂದರೆ ಬಲವಂತ ಕೂಡದು. ಹಿಡಿದುದನ್ನು ಅಲ್ಲಿಯೇ ಅವರಿಗೆ ಕೇಳಿಸಬೇಕು. ಮನೆಯವರಿಗೆ ಒಂದು ಪ್ರತಿಯನ್ನು ಕೊಡಬೇಕು. ಆ ಪ್ರತಿ ಎಂಪಿ-ತ್ರೀಯಾದರೂ ಅಡ್ಡಿಯಿಲ್ಲ. ಮೊಬೈಲಿನಲ್ಲಿ ಸುಲಭವಾಗಿ ಕೇಳಲಿ. ಪ್ರತಿಯೊಂದು ಮುದ್ರಣದ ಮೊದಲಿಗೆ ದಿನಾಂಕ, ಊರು, ಹಾಡುವವರ ಹೆಸರು, ಯಾವ ಸಂದರ್ಭದ ಪದ ಎಂಬುದನ್ನು ಬಾಯಲ್ಲಿಯೇ ಹೇಳಿ ಸೇರಿಸಬೇಕು. ಹೆಸರಿಲ್ಲದ ಹಾಡು ವಿಳಾಸವಿಲ್ಲದ ಕಾಗದವಿದ್ದಂತೆ. ತಿಳಿಯದ ಮಾತುಗಳ ಅರ್ಥವನ್ನು ಅಲ್ಲಿಯೇ ಕೇಳಿ, ಒಂದು ವಹಿಯಲ್ಲಿ ಬರೆದುಕೊಳ್ಳಬೇಕು. ಇಲ್ಲಿಯೂ ಲೇಖನಿಗೆ ಕೆಲಸವಿದೆ.

ಕಡೆಯ ಮಾತು ಕಾಪಾಡುವುದರದು. ಕಾರ್ಡು ಹಗೇವಲ್ಲ, ಅದು ಹೊಲದಿಂದ ಮನೆಗೆ ಕಾಳು ತರುವ ಚೀಲ. ಮನೆಗೆ ಬಂದ ದಿನವೇ ಅದರಲ್ಲಿರುವುದನ್ನು ತೆಗೆದು ಮೂರು ಪ್ರತಿ ಮಾಡಬೇಕು. ಒಂದು ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೊಂದು ಊರಿನಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳನ್ನು ಆ ಮೂರನೆಯ ಪ್ರತಿಗಾಗಿ ಸಂಘವು ವಿಚಾರಿಸಬೇಕು. ವರ್ಷಕ್ಕೊಮ್ಮೆ, ಈ ವಾರ್ಷಿಕೋತ್ಸವದ ಮುನ್ನಾದಿನವೇ ಆಗಲಿ, ಎಲ್ಲ ಪ್ರತಿಗಳನ್ನೂ ತೆರೆದು ಕೇಳಿ ನೋಡುವ ಪದ್ಧತಿಯನ್ನಿಟ್ಟುಕೊಳ್ಳೋಣ.

ಮಹನೀಯರೆ, ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ರಾಶಿ ಮಾಡುವ ಯಂತ್ರ ಬಂದು ಹಂತಿ ನಿಂತಿತು. ಅದಕ್ಕಾಗಿ ನಾವು ಮರುಗುವುದಿಲ್ಲ. ಕಲ್ಲು ಬೀಸಿ ಸವೆದ ತಾಯಂದಿರ ಕೈಗಳನ್ನು ಕಂಡವರಾರೂ ಮತ್ತೆ ಬೀಸಿರೆಂದು ಹೇಳಲಾರರು. ದುಡಿತ ತಪ್ಪಲಿ, ಹಾಡು ಉಳಿಯಲಿ ಎಂಬುದಷ್ಟೇ ನಮ್ಮ ಆಸೆ. ಒಂದು ಯಂತ್ರ ಬಂದು ನಿಲ್ಲಿಸಿದ ಹಾಡನ್ನು ಇನ್ನೊಂದು ಯಂತ್ರ ಉಳಿಸಿಕೊಡಬಲ್ಲುದಾದರೆ ನಾವೇಕೆ ಬೇಡವೆನ್ನಬೇಕು?

ಇಂದು ಮನೆಗೆ ಹೋದ ಮೇಲೆ ತಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಎಪ್ಪತ್ತು ದಾಟಿದವರು ಯಾರು, ಅವರಿಗೆ ಯಾವ ಪದ ಬರುತ್ತದೆ ಎಂದು ಮಕ್ಕಳಿಂದ ಒಂದು ಪಟ್ಟಿ ಬರೆಸಿರಿ. ಬರುವ ಸೋಮವಾರ ಆ ಪಟ್ಟಿಗಳು ಶಾಲೆಗೆ ಬರಲಿ. ಯಂತ್ರ ಎಲ್ಲಿಗೆ ಮೊದಲು ಹೋಗಬೇಕೆಂಬುದನ್ನು ಆ ಪಟ್ಟಿಯೇ ಹೇಳುತ್ತದೆ. ಮುಂದೆ ಯಾವ ಆಯಿಯಾದರೂ ತನ್ನ ದನಿ ಅದರಾಗ ಕುಂತೈತೇನೆಂದು ನಮ್ಮನ್ನು ಕೇಳಿದರೆ, ಹೆಡ್‌ಫೋನನ್ನು ಅವರ ಕಿವಿಗೇ ಇಟ್ಟು ಉತ್ತರ ಕೊಡುವಂತಾಗಬೇಕು.